ಕಾವಲಿನ ಚಿತ್ರಗಾರ

ಕಾಡಿನ ಚಿತ್ರವೆಂದರೆ ನಮಗೆಲ್ಲ ಕ್ಯಾಲೆಂಡರಿನದೇ ನೆನಪಾಗುತ್ತದೆ. ಹಿಂದೆ ಒಂದು ಜಲಪಾತ, ಮುಂದೆ ಚುಕ್ಕೆಯ ಜಿಂಕೆ. ಚಳ್ಳಕೆರೆಯ ಮಕ್ಕಳಿಗೆ ಜಿಂಕೆ ಬರೆಯಿರಿ ಎಂದರೆ ಅವರೂ ಮೈತುಂಬ ಚುಕ್ಕೆ ಇಡುತ್ತಾರೆ. ಮಳೆಯೇ ಅಪರೂಪವಾದ ಈ ಸೀಮೆಯಲ್ಲಿ ಜಲಪಾತವನ್ನು ಅವರು ಎಲ್ಲಿ ಕಂಡಾರು?

ನಮ್ಮ ಊರಿನ ಉದ್ಯಾನವೆಂದರೆ ಅಮೃತ ಮಹಲ್ ಕಾವಲು. ಮೈಸೂರು ದೊರೆಗಳು ದಂಡಿನ ಎತ್ತುಗಳಿಗಾಗಿ ಕಾಯ್ದಿಟ್ಟ ಹುಲ್ಲುಗಾವಲು ಅದು. ಅಲ್ಲಿಯ ಜಿಂಕೆಗೆ ಚುಕ್ಕೆಯಿಲ್ಲ. ಅದು ಕೃಷ್ಣಮೃಗ. ಗಂಡಿಗೆ ಕಪ್ಪು ಬೆನ್ನು, ಬಿಳಿಯ ಹೊಟ್ಟೆ, ತಿರುಚಿದ ಕೊಂಬು. ಹೆಣ್ಣಿನದು ಒಣಹುಲ್ಲಿನದೇ ಬಣ್ಣ.

ನಮ್ಮೂರಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಇದನ್ನೇ ಬರೆಯುತ್ತಾ ಬಂದವರು. ಬೆಳಗಿನ ಜಾವ ಸೈಕಲ್ಲಿಗೆ ಬಣ್ಣದ ಪೆಟ್ಟಿಗೆ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ಅವರ ಮೊದಲ ವಿಮರ್ಶಕಿ ಕುರಿ ಕಾಯುವ ಒಬ್ಬ ಅಜ್ಜಿ. ಒಮ್ಮೆ ಚಿತ್ರ ನೋಡಿ, "ಇದು ಮೇಯಾಕೆ ನಿಂತಿಲ್ಲ ಮೇಷ್ಟ್ರೆ, ತೋಳ ಕಂಡು ನಿಂತೈತೆ. ಕಿವಿ ನೋಡ್ರಿ" ಎಂದಳಂತೆ. ಮೇಷ್ಟ್ರು ಕಿವಿಯನ್ನು ತಿದ್ದಿ ಬರೆದರು.

ಬಂಡೀಪುರದ ಅಂಚಿನಲ್ಲೇ ನೆಲೆಸಿ ವನ್ಯಜೀವಿಗಳನ್ನು ಚಿತ್ರಿಸುವ ಸುನೀತಾ ಧೈರ್ಯಮ್ ಅವರ ವಿಷಯ ಓದಿದಾಗ ನನಗೆ ಈ ಅಜ್ಜಿ ನೆನಪಾದಳು. ಹುಲಿಗೆ ದನ ಕಳೆದುಕೊಂಡ ರೈತರಿಗೆ ಒಂದಿಷ್ಟು ಪರಿಹಾರ ಸಿಗುವಂತೆಯೂ ಆಕೆ ಮಾಡಿದ್ದಾರೆ. ಹುಲಿಯ ಚಿತ್ರ ಬರೆಯುವವರಿಗೆ ಹುಲಿಯ ನೆರೆಯವರೂ ಕಾಣಬೇಕಲ್ಲವೇ?

ನಮ್ಮ ಕಾವಲಿನ ಸುಮಾರು 10,000 ಎಕರೆ 2007ರ ನಂತರದ ಕೆಲವೇ ವರ್ಷಗಳಲ್ಲಿ ವಿಜ್ಞಾನ, ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳ ಪಾಲಾಯಿತು. ಗೋಡೆಗಳೆದ್ದವು. ದೇಶಕ್ಕೆ ವಿಜ್ಞಾನ ಬೇಡವೆಂದು ಪಾಠ ಹೇಳುವ ನಾನು ಹೇಗೆ ಹೇಳಲಿ? ಆದರೆ ಕುರಿಗಳೂ ಕೃಷ್ಣಮೃಗಗಳೂ ಆ ಗೋಡೆಯ ಮುಂದೆ ಒಂದೇ ತರಹ ನಿಂತವು.

ಮೇಷ್ಟ್ರ ಬಳಿ ಹಳದಿಗಟ್ಟಿದ ಒಂದು ಹಾಳೆಯಿದೆ. ಅದರಲ್ಲಿರುವುದು ಎರೆಭೂತ. ಹುಲ್ಲಿನ ನಡುವೆ ಕತ್ತೆತ್ತಿ ನಡೆಯುವ ದೊಡ್ಡ ಹಕ್ಕಿ. ಬಯಲಿನ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯಿಡುತ್ತದೆ. ಇಂದು ದೇಶದಲ್ಲೆಲ್ಲ ಸೇರಿಸಿದರೂ ಇನ್ನೂರು ದಾಟದು ಎನ್ನುತ್ತಾರೆ. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಡೋಡೋ ಹಕ್ಕಿಯನ್ನು ಬರೆದಿದ್ದನಂತೆ. ಹಕ್ಕಿ ಹೋಯಿತು, ಚಿತ್ರ ಉಳಿಯಿತು. ಆ ಹಾಳೆಯನ್ನು ಕಂಡಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ.

ಕಳೆದ ತಿಂಗಳು ಮದುವೆ ಸೀರೆಗೆಂದು ಮೊಳಕಾಲ್ಮೂರಿಗೆ ಹೋಗಿದ್ದೆವು. ಮಗ್ಗದ ಮೇಲೆ ಅಂಚಿನಲ್ಲಿ ನವಿಲುಗಳು ಸಾಲಾಗಿ ಬರುತ್ತಿದ್ದವು. "ಇಷ್ಟು ಚೆನ್ನಾಗಿ ಹೇಗೆ ನೇಯ್ತೀರಪ್ಪ?" ಎಂದೆ. "ಶೇಂಗಾ ಹೊಲಕ್ಕೆ ದಿನಾ ಬರ್ತಾವಲ್ಲ ಟೀಚರಮ್ಮ" ಎಂದರು ನೇಕಾರರು. "ಹಾಗಾದರೆ ಎರೆಭೂತ?" ಎಂದು ಕೇಳಿದೆ. ಲಾಳಿ ನಿಂತಿತು. "ಅದ್ಯಾವ ಹಕ್ಕಿ? ನಮ್ಮಪ್ಪ ಇದ್ದಿದ್ರೆ ಹೇಳ್ತಿದ್ರೇನೋ."

ಮೇಷ್ಟ್ರನ್ನು ಒಪ್ಪಿಸಿ, ಆ ಹಾಳೆಯನ್ನು ಅವರಿಗೆ ತೋರಿಸಬೇಕೆಂದಿದ್ದೇನೆ. ಸೆರಗಿಗೆ ಬಂದ ಮಾತ್ರಕ್ಕೆ ಹಕ್ಕಿ ಹುಲ್ಲಿಗೆ ಮರಳುವುದಿಲ್ಲ, ನನಗೂ ಗೊತ್ತು. ಆದರೂ ಮದುವೆಮನೆಯಲ್ಲಿ ಪಕ್ಕ ಕೂತವರು ಸೆರಗು ಹಿಡಿದು, "ಇದ್ಯಾವ ಹಕ್ಕಿ ರೀ?" ಎಂದು ಕೇಳದೆ ಇರುತ್ತಾರೆಯೇ? ಕೇಳಿದವರಿಗೆ ಕಾವಲಿನ ಕಥೆ ಹೇಳಬಹುದು.