ಮೊಳಕೆ ನೋಡಿ ಹೇಳುವವರು

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ಮಗು ಗೆದ್ದ ಮೇಲೆ ಹೇಳುತ್ತಾರೆ. ರ್‍ಯಾಂಕ್ ಬಂದ ಮೇಲೆ, ಬಹುಮಾನ ಸಿಕ್ಕ ಮೇಲೆ. ಆಗ ಹೇಳುವುದು ಸುಲಭ. ನಾವಿರುವ ಕೆನಡಾದಲ್ಲಿ ಮೊಳಕೆ ಇನ್ನೂ ಮೊಳಕೆಯಾಗಿರುವಾಗಲೇ ಅದರ ಸಿರಿಯನ್ನು ಅಳೆಯುವ ಒಂದು ಉದ್ಯೋಗವೇ ಇದೆ. ಆ ಕೆಲಸ ಮಾಡುವವರನ್ನು ಸ್ಕೌಟ್ ಎನ್ನುತ್ತಾರೆ. ಐಸ್ ಹಾಕಿ ಅಂಗಳದ ಮೇಲಿನ ಸಾಲಿನ ಮೂಲೆಯಲ್ಲಿ, ಕೈಯಲ್ಲಿ ಕಾಫಿ, ತೊಡೆಯ ಮೇಲೊಂದು ಟಿಪ್ಪಣಿ ಪುಸ್ತಕ ಇಟ್ಟುಕೊಂಡು ಕೂತಿರುತ್ತಾರೆ. ಹದಿನಾರು ಹದಿನೇಳರ ಹುಡುಗ ಇಪ್ಪತ್ತೈದಕ್ಕೆ ಏನಾಗಿರುತ್ತಾನೆ ಎಂದು ಹೇಳುವುದು ಅವರ ಕೆಲಸ.

ಕಳೆದ ಏಪ್ರಿಲ್‌ನಲ್ಲಿ ಅಂಥದ್ದೇ ಒಂದು ಭವಿಷ್ಯ ಸಣ್ಣ ಪ್ರಮಾಣದಲ್ಲಿ ನಮ್ಮ ಮನೆಗೂ ಬಂತು. ಮಗನಿಗೆ ಹನ್ನೆರಡು ವರ್ಷ. ಐಸ್ ಹಾಕಿಯಲ್ಲಿ ಅವನು ಸೆಂಟರ್.

ಹಾಕಿ ಎಂದರೆ ನಮ್ಮವರಿಗೆ ಕೊಡಗು ನೆನಪಾಗುತ್ತದೆ, ಬಯಲು ಮೈದಾನ ನೆನಪಾಗುತ್ತದೆ. ಇಲ್ಲಿಯದು ಮಂಜುಗಡ್ಡೆಯ ಮೇಲಿನ ಆಟ. ಚೆಂಡಿನ ಬದಲು ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆ. ಅಗಲ 7.6 ಸೆಂಟಿಮೀಟರ್, ದಪ್ಪ 2.5 ಸೆಂಟಿಮೀಟರ್, ತೂಕ ಸುಮಾರು 170 ಗ್ರಾಂ. ಒಂದು ತಂಡದಿಂದ ಒಮ್ಮೆಗೆ ಆರು ಜನ ಅಂಗಳದಲ್ಲಿರುತ್ತಾರೆ: ಒಬ್ಬ ಗೋಲಿ, ಇಬ್ಬರು ರಕ್ಷಕರು, ಮೂವರು ಮುನ್ನಡೆಯ ಆಟಗಾರರು. ಆ ಮೂವರಲ್ಲಿ ನಡುವಿನವನೇ ಸೆಂಟರ್. ಎಡಬಲದವರು ವಿಂಗರ್‌ಗಳು. ಓಟ ಎಷ್ಟು ಜೋರೆಂದರೆ ಮುಕ್ಕಾಲು ನಿಮಿಷ ಆಡಿದವನು ಏದುಸಿರು ಬಿಡುತ್ತ ಬೆಂಚಿಗೆ ಬರುತ್ತಾನೆ, ಇನ್ನೊಬ್ಬ ಒಳಗೆ ಹಾರುತ್ತಾನೆ.

ಸೆಂಟರ್‌ನ ಕೆಲಸ ಕೂಡುಕುಟುಂಬದ ಹಿರಿಸೊಸೆಯ ಕೆಲಸದಂತೆ. ರೆಫರಿ ಪಕ್ ಕೆಳಗೆ ಬಿಟ್ಟು ಆಟ ಶುರು ಮಾಡುವಾಗ ಎದುರಾಳಿಯ ಮುಂದೆ ಬಾಗಿ ನಿಂತು ಅದನ್ನು ಕಸಿಯಬೇಕಾದವನು ಅವನೇ. ಎದುರಾಳಿಯ ಗೋಲಿನ ಮುಂದೆ ಇರಬೇಕು, ಮರುಕ್ಷಣ ಪಕ್ ಕೈತಪ್ಪಿದರೆ ತನ್ನ ಗೋಲಿನ ಮುಂದೆಯೂ ಇರಬೇಕು. ಅಡುಗೆಮನೆಯಲ್ಲೂ ಅವಳೇ, ಬಾಗಿಲಿಗೆ ಬಂದ ನೆಂಟರನ್ನು ಮಾತಾಡಿಸುವವಳೂ ಅವಳೇ. ಯಾರೂ ಗಮನಿಸದ ಕೆಲಸವೇ ಹೆಚ್ಚು. ಅದಕ್ಕೇ ಚಿಕ್ಕ ವಯಸ್ಸಿನ ಸೆಂಟರ್‌ನನ್ನು ಅಳೆಯುವುದು ಬೇರೆಯವರನ್ನು ಅಳೆಯುವುದಕ್ಕಿಂತ ಕಷ್ಟ.

ಆಯ್ಕೆ ಶಿಬಿರ ಮುಗಿದ ರಾತ್ರಿ ಮೇಲ್ದರ್ಜೆಯ ತಂಡದ ಕೋಚ್ ಪತ್ರ ಕಳಿಸಿದರು. ಸಾರಾಂಶ ಇಷ್ಟು: ಹುಡುಗನಿಗೆ ಆಟ ಅರ್ಥವಾಗುತ್ತದೆ, ಮೈ ಸಾಲದು. ತಂಡಕ್ಕೆ ತೆಗೆದುಕೊಳ್ಳುತ್ತೇವೆ, ಆದರೆ ಸೆಂಟರ್ ಆಗಿ ಅಲ್ಲ, ಕೊನೆಯ ಸಾಲಿನಲ್ಲಿ ವಿಂಗರ್ ಆಗಿ. ಎರಡು ದಿನದಲ್ಲಿ ಉತ್ತರ ಬೇಕು. ಅದೇ ಹೊತ್ತಿಗೆ ಒಂದು ಮೆಟ್ಟಿಲು ಕೆಳಗಿನ ತಂಡದವರು, ‘ಸೆಂಟರ್ ಆಗಿಯೇ ಬರಲಿ’ ಎಂದು ಕರೆದಿದ್ದರು.

ನಮ್ಮವರು ಮೇಲಿನ ತಂಡದ ಕಡೆಗೇ ಇದ್ದರು. “ಒಮ್ಮೆ ಕೆಳಗೆ ಇಳಿದರೆ ಮತ್ತೆ ಹತ್ತೋದು ಕಷ್ಟ ಕಣೇ. ಅಲ್ಲಿನ ಅಭ್ಯಾಸ, ಅಲ್ಲಿನ ಎದುರಾಳಿಗಳು ಬೇರೇನೇ” ಎಂದರು. ಅದು ಸುಳ್ಳಲ್ಲ. ಇಲ್ಲಿ ಹದಿನೈದು ಹದಿನಾರಕ್ಕೆ ಜೂನಿಯರ್ ಲೀಗ್‌ನವರು ಹುಡುಗರನ್ನು ಆರಿಸಿಕೊಳ್ಳುತ್ತಾರೆ, ಅವರ ಕಣ್ಣು ಇರುವುದು ಮೇಲ್ದರ್ಜೆಯ ತಂಡಗಳ ಮೇಲೆ. ಮಗ ಮಾತ್ರ ಏನೂ ಹೇಳದೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಅವನ ಮೌನ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿತು. ಇದನ್ನೇ ಕಸುಬು ಮಾಡಿಕೊಂಡವರು ಎಷ್ಟರ ಮಟ್ಟಿಗೆ ಸರಿ ಹೇಳುತ್ತಾರೆ ಎಂದು ತಿಳಿಯಬೇಕಿತ್ತು.

ಮೊದಲು ಕಣ್ಣಿಗೆ ಬಿದ್ದದ್ದು ಹುಟ್ಟಿದ ತಿಂಗಳ ಕಥೆ. 1980ರ ದಶಕದಲ್ಲಿ ಆಲ್ಬರ್ಟಾ ಪ್ರಾಂತ್ಯದ ಲೆತ್‌ಬ್ರಿಜ್‌ನಲ್ಲಿ ರೋಜರ್ ಬಾರ್ನ್ಸ್‌ಲಿ ಎಂಬ ಮನಶ್ಶಾಸ್ತ್ರಜ್ಞರು ಹೆಂಡತಿ ಮಕ್ಕಳೊಂದಿಗೆ ಪಂದ್ಯ ನೋಡಲು ಹೋಗಿದ್ದರು. ಹೆಂಡತಿ ಪೌಲಾ ಬೇಸರ ಕಳೆಯಲು ಕಾರ್ಯಕ್ರಮದ ಪುಸ್ತಿಕೆ ತಿರುವಿ ಹಾಕುತ್ತಿದ್ದಾಗ ಆಟಗಾರರ ಜನ್ಮದಿನಗಳು ಕಣ್ಣಿಗೆ ಬಿದ್ದವು: ಎಲ್ಲಿ ನೋಡಿದರೂ ಜನವರಿ, ಫೆಬ್ರುವರಿ, ಮಾರ್ಚ್. ಗಂಡ ಲೆಕ್ಕ ಹಾಕಿ ನೋಡಿದರೆ ಜೂನಿಯರ್ ತಂಡಗಳಲ್ಲೆಲ್ಲ ಇದೇ ಕಥೆ. ಕಾರಣ ಸರಳ. ಇಲ್ಲಿ ವಯೋಗುಂಪು ಜನವರಿ 1ಕ್ಕೆ ಬದಲಾಗುತ್ತದೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ಒಂಬತ್ತು ಹತ್ತರ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಎಂದರೆ ಎಷ್ಟೊಂದು ಅಂತರ! ದೊಡ್ಡವನು ಚೆನ್ನಾಗಿ ಆಡುತ್ತಾನೆ, ಆಯ್ಕೆಯಾಗುತ್ತಾನೆ, ಒಳ್ಳೆಯ ಕೋಚ್ ಸಿಗುತ್ತಾರೆ, ಹೆಚ್ಚು ಹೊತ್ತು ಆಡಲು ಸಿಗುತ್ತದೆ. ಹಾಗಾಗಿ ಇನ್ನೂ ಚೆನ್ನಾಗಿ ಆಡುತ್ತಾನೆ. ನಾವು ಅದನ್ನು ಪ್ರತಿಭೆ ಎನ್ನುತ್ತೇವೆ.

ನಮ್ಮ ಮಗ ಹುಟ್ಟಿದ್ದು ನವೆಂಬರ್ ಕೊನೆಗೆ.

ಇದರ ಮುಂದಿನ ಭಾಗ ಇನ್ನೂ ಸ್ವಾರಸ್ಯವಾಗಿದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ, ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ಗೆ ಆಯ್ಕೆಯಾದ ಕೆನಡಾದ ಆಟಗಾರರ ಮುಂದಿನ ಸಾಧನೆಯನ್ನು ಹುಟ್ಟಿದ ತಿಂಗಳಿಗೆ ತಾಳೆ ಹಾಕಿತು. ವರ್ಷದ ದ್ವಿತೀಯಾರ್ಧದಲ್ಲಿ ಹುಟ್ಟಿದವರು, ಅವರ ಮುಂದಿನ ಆಟಕ್ಕೆ ಹೋಲಿಸಿದರೆ, 40ಕ್ಕೂ ಹೆಚ್ಚು ಸ್ಥಾನ ಹಿಂದೆ ಆಯ್ಕೆಯಾಗಿದ್ದರು. 400 ಪಂದ್ಯ ಆಡುವಷ್ಟು ಕಾಲ ಉಳಿದುಕೊಳ್ಳುವ ಸಾಧ್ಯತೆ ಅವರಲ್ಲಿ ಸುಮಾರು ಎರಡರಷ್ಟಿತ್ತು. ತಪ್ಪಿಸಿಕೊಂಡು ಬಂದ ಚಿಕ್ಕವರು ಗಟ್ಟಿಗರಾಗಿದ್ದರು ಎಂದಾಯಿತು. ಆದರೆ ಎಷ್ಟೋ ಚಿಕ್ಕವರು ಅಲ್ಲಿಯವರೆಗೆ ಬರಲೇ ಇಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಎನ್‌ಎಚ್‌ಎಲ್‌ನ ಆಯ್ಕೆ ಪ್ರತಿ ವರ್ಷ ಬೇಸಿಗೆಯಲ್ಲಿ ನಡೆಯುತ್ತದೆ. 32 ತಂಡಗಳು ಏಳು ಸುತ್ತುಗಳಲ್ಲಿ, ಹೆಚ್ಚಾಗಿ ಹದಿನೆಂಟರ ಹುಡುಗರನ್ನು, ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಮೊದಲ ಹೆಸರಿಗೆ ಇಡೀ ದೇಶ ಕಾದಿರುತ್ತದೆ. 1993ರಲ್ಲಿ ಆ ಮೊದಲ ಹೆಸರು ಅಲೆಕ್ಸಾಂಡರ್ ಡೇಗ್ಲ್, ಕ್ವಿಬೆಕ್‌ನ ಸೆಂಟರ್. ತಂಡವನ್ನೇ ಅವನ ಸುತ್ತ ಕಟ್ಟುತ್ತೇವೆ ಎಂಬ ಆಸೆಯಿಂದ ಆರಿಸಿಕೊಂಡ ಒಟ್ಟಾವಾ ತಂಡ, ಐದು ವರ್ಷ ತುಂಬುವ ಮೊದಲೇ ಬೇರೆಯವರಿಗೆ ಬಿಟ್ಟುಕೊಟ್ಟಿತು. 1999ರ ಮೊದಲ ಹೆಸರು ಜೆಕ್ ದೇಶದ ಸೆಂಟರ್ ಪ್ಯಾಟ್ರಿಕ್ ಸ್ಟೆಫಾನ್. 26ರ ವಯಸ್ಸಿಗೆ ಅವನ ಎನ್‌ಎಚ್‌ಎಲ್ ಆಟ ಮುಗಿದೇ ಹೋಯಿತು.

ಹಾಗೆಂದು ಸ್ಕೌಟ್‌ಗಳಿಗೆ ಏನೂ ಗೊತ್ತಿಲ್ಲವೆಂದು ನಗುವಂತಿಲ್ಲ. 1997ರ ಮೊದಲ ಹೆಸರು ಜೋ ಥಾರ್ನ್‌ಟನ್, ಅವನೂ ಸೆಂಟರ್. ಮೊದಲ ವರ್ಷ 55 ಪಂದ್ಯಗಳಲ್ಲಿ ಬರೀ 3 ಗೋಲು. ಅಷ್ಟಕ್ಕೇ ತೀರ್ಪು ಕೊಟ್ಟಿದ್ದರೆ? 2005–06ರಲ್ಲಿ ಅವನೇ ಇಡೀ ಲೀಗ್‌ನ ಅತ್ಯುತ್ತಮ ಆಟಗಾರನಾದ. 2019ರಲ್ಲಿ ಮೊದಲಿಗನಾದ ಜ್ಯಾಕ್ ಹ್ಯೂಸ್ ಮೊದಲ ವರ್ಷ 61 ಪಂದ್ಯಗಳಲ್ಲಿ ಗಳಿಸಿದ್ದು 21 ಅಂಕ. (ಗೋಲು ಹೊಡೆದರೂ ಒಂದು ಅಂಕ, ಗೋಲಿಗೆ ನೆರವಾದರೂ ಒಂದು ಅಂಕ.) 2022–23ರಲ್ಲಿ 78 ಪಂದ್ಯಗಳಲ್ಲಿ 99. ಸೆಂಟರ್ ಪಕ್ವವಾಗಲು ಸಮಯ ಬೇಕು. ಇವರನ್ನು ಆರಿಸಿದವರು ಸರಿಯಾಗಿ ನೋಡಿದ್ದರು, ಆಮೇಲೆ ಕಾಯುವ ತಾಳ್ಮೆಯೂ ಬೇಕಾಯಿತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಹಿಂದಿನ ಸಾಲಿನವರು. ರಷ್ಯಾದ ಪಾವೆಲ್ ಡಟ್ಸ್ಯುಕ್ ಸಣಕಲು ಹುಡುಗ. 1998ರಲ್ಲಿ 171ನೆಯವನಾಗಿ ಡೆಟ್ರಾಯಿಟ್ ತಂಡ ಸೇರಿದ. ಅದೂ ಆ ತಂಡದ ಸ್ಕೌಟ್ ಹೋಕನ್ ಆಂಡರ್ಸನ್ ಬೇರೊಬ್ಬನನ್ನು ನೋಡಲು ಹೋದಾಗ ಇವನು ಕಣ್ಣಿಗೆ ಬಿದ್ದದ್ದರಿಂದ. ಪ್ಯಾಟ್ರಿಸ್ ಬರ್ಜೆರಾನ್ 2003ರಲ್ಲಿ 45ನೆಯವನು. ರಕ್ಷಣೆಯಲ್ಲೂ ಮಿಂಚುವ ಮುನ್ನಡೆ ಆಟಗಾರನಿಗೆ ಕೊಡುವ ಸೆಲ್ಕಿ ಟ್ರೋಫಿಯನ್ನು ಡಟ್ಸ್ಯುಕ್ ಮೂರು ಸಲ, ಬರ್ಜೆರಾನ್ ಆರು ಸಲ ಗೆದ್ದರು. ಬ್ರೇಡನ್ ಪಾಯಿಂಟ್ 2014ರಲ್ಲಿ 79ನೆಯವನು. ಎತ್ತರ ಕಡಿಮೆ ಎಂಬುದು ಅವನ ಮೇಲಿದ್ದ ದೂರು. ಟ್ಯಾಂಪಾ ಬೇ ತಂಡ 2020, 2021ರಲ್ಲಿ ಸತತವಾಗಿ ಸ್ಟ್ಯಾನ್ಲಿ ಕಪ್ ಗೆದ್ದಾಗ ಅದರ ಮುಖ್ಯ ಸೆಂಟರ್ ಅವನೇ. ಅವನ ಸ್ಕೇಟಿಂಗ್ ತಿದ್ದಿದವರಲ್ಲಿ ಒಬ್ಬರು ಬಾರ್ಬ್ ಅಂಡರ್‌ಹಿಲ್. 1984ರಲ್ಲಿ ಫಿಗರ್ ಸ್ಕೇಟಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಮಹಿಳೆ. ಕಾಲಿನ ಕೆಲಸ ಕಲಿಸಬಹುದು ಎಂದು ಇದನ್ನು ಓದಿ ಸಮಾಧಾನವಾಯಿತು.

ಹಾಗಾದರೆ ಕಲಿಸಲು ಕಷ್ಟವಾದದ್ದು ಯಾವುದು? ಅನುಭವಿಗಳು ಹೇಳುವುದು ಹೆಚ್ಚುಕಡಿಮೆ ಒಂದೇ. ಪಕ್ ಕಾಲಿಗೆ ಬರುವ ಮೊದಲೇ ಹುಡುಗ ಭುಜದ ಮೇಲಿಂದ ಹಿಂದೆ ನೋಡುತ್ತಾನೆಯೇ? ಪಕ್ ತನ್ನ ಬಳಿ ಇಲ್ಲದಾಗ ಎಲ್ಲಿ ನಿಲ್ಲುತ್ತಾನೆ? ತನ್ನ ತಂಡ ಪಕ್ ಕಳೆದುಕೊಂಡಾಗ ಹಿಂದಕ್ಕೆ ಓಡುವ ಮೊದಲ ಮೂರು ಹೆಜ್ಜೆ ಹೇಗಿರುತ್ತವೆ? ಜಾಗವಿಲ್ಲದ ಕಡೆ, ಇಬ್ಬರ ನಡುವೆ, ಏನು ಮಾಡುತ್ತಾನೆ? ಗೋಲುಗಳ ಎಣಿಕೆ ಈ ವಯಸ್ಸಿನಲ್ಲಿ ಮೋಸ ಮಾಡುತ್ತದೆ. ಬೇಗ ಬೆಳೆದ ಹುಡುಗ ಮೈಬಲದಿಂದಲೇ ನುಗ್ಗಿ ಗೋಲು ಹೊಡೆಯುತ್ತಾನೆ, ಯೋಚಿಸುವ ಅಗತ್ಯವೇ ಅವನಿಗೆ ಬರುವುದಿಲ್ಲ. ಮೂರು ವರ್ಷದಲ್ಲಿ ಉಳಿದವರೂ ಅವನಷ್ಟೇ ಎತ್ತರವಾದಾಗ ಕೈ ಖಾಲಿ. ಚಿಕ್ಕ ಹುಡುಗ ಮೊದಲ ದಿನದಿಂದಲೇ ಯೋಚಿಸಬೇಕು. ಇಲ್ಲದಿದ್ದರೆ ಪಕ್ ಅವನಿಗೆ ಸಿಗುವುದೇ ಇಲ್ಲ.

ಕೋಚ್ ಹೇಳಿದ್ದರಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಚಿಕ್ಕ ಮಕ್ಕಳ ಆಟದಲ್ಲಿ ಮೈಮೇಲೆ ಬಿದ್ದು ತಡೆಯುವುದನ್ನು ಹಾಕಿ ಕೆನಡಾ ಸಂಸ್ಥೆ 2013ರಲ್ಲಿ ನಿಲ್ಲಿಸಿತು. ಹನ್ನೆರಡರವರೆಗೆ ಆ ರಕ್ಷಣೆ ಇದೆ. ಮುಂದಿನ ಗುಂಪಿನಿಂದ ಮೇಲ್ದರ್ಜೆಯ ಆಟದಲ್ಲಿ ಅದು ಶುರು. ತನಗಿಂತ ಹದಿನೈದು ಕೆ.ಜಿ. ಹೆಚ್ಚಿರುವವನು ಬಂದು ಗುದ್ದಿದರೆ ಬುದ್ಧಿವಂತಿಕೆ ಹಲಗೆಗೆ ಬಡಿಯುವ ತಲೆಯನ್ನು ಉಳಿಸುವುದಿಲ್ಲ. ತಾಯಿಯಾಗಿ ನನಗೆ ಆ ಭಯ ಇದ್ದೇ ಇದೆ.

ಮರುದಿನ ತೀರ್ಥಹಳ್ಳಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ವಿಷಯ ಹೇಳಿದೆ. ಐಸ್ ಹಾಕಿ ಅವರಿಗೆ ಗೊತ್ತಿಲ್ಲ. ಅಡಿಕೆ ಗೊತ್ತು.

“ಸಸಿ ಆರಿಸೋವಾಗ ನಾವು ಎತ್ತರ ನೋಡ್ತೀವನೇ? ಎಲೆ ಎಣಿಸ್ತೀವಿ, ಬುಡ ನೋಡ್ತೀವಿ” ಎಂದರು.

ನಿಜ. ಮಡಿಯಲ್ಲಿ ಒಂದು, ಒಂದೂವರೆ ವರ್ಷ ಬೆಳೆದ ಅಡಿಕೆ ಸಸಿಗಳಲ್ಲಿ ಸೊಂಪಾಗಿ ಎತ್ತರಕ್ಕೆ ಹೋದದ್ದನ್ನು ಕಂಡು ಹೊಸಬರು ಮರುಳಾಗುತ್ತಾರೆ. ಗೊತ್ತಿದ್ದವರು ಗಿಡ್ಡವಾಗಿ, ಬುಡ ದಪ್ಪವಾಗಿ, ಐದಾರು ಎಲೆ ಬಿಟ್ಟಿರುವುದನ್ನು ಕೀಳುತ್ತಾರೆ. ಕೃಷಿ ವಿಜ್ಞಾನಿಗಳು ಹೇಳುವುದೂ ಇದನ್ನೇ: ಎಲೆ ಹೆಚ್ಚಿರಲಿ, ಎತ್ತರ ಕಡಿಮೆ ಇರಲಿ. ಆದರೆ ಅಪ್ಪಯ್ಯ ಅಲ್ಲಿಗೇ ಬಿಡಲಿಲ್ಲ. “ಒಳ್ಳೇ ಸಸಿ ಅಂತ ಆರಿಸಿ ಬಿಸಿಲಿಗೆ ನೆಟ್ಟರೆ ಸುಟ್ಟು ಹೋಗತ್ತೆ. ಬಾಳೆ ನೆರಳು ಬೇಕು. ಆಮೇಲೂ ಫಸಲಿಗೆ ಐದಾರು ವರ್ಷ ಕಾಯಬೇಕು. ಮಾಣಿಗೆ ಎಲ್ಲಿ ಬೇರು ಬಿಡೋಕೆ ಆಗತ್ತೆ ಅದನ್ನ ನೋಡು. ದೊಡ್ಡ ತೋಟ, ಸಣ್ಣ ತೋಟ ಅಂತ ನೋಡಬೇಡ” ಎಂದರು.

ಅಲ್ಲಿಯವರೆಗೆ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ‘ಇವನು ಮುಂದೆ ಏನಾಗುತ್ತಾನೆ?’ ಎಂಬುದು. ಸಂಬಳ ಪಡೆದು ಜೀವಮಾನವಿಡೀ ಹುಡುಗರನ್ನು ನೋಡಿದವರಿಗೇ ಇದಕ್ಕೆ ಉತ್ತರ ಅರ್ಧಂಬರ್ಧ. ನಮಗೆಲ್ಲಿಂದ ಸಿಗಬೇಕು? ಉತ್ತರ ಸಿಗಬಹುದಾದ ಪ್ರಶ್ನೆ ಬೇರೆ: ಮುಂದಿನ ಚಳಿಗಾಲದಲ್ಲಿ ಅವನು ಎಲ್ಲಿ ಹೆಚ್ಚು ಕಲಿಯುತ್ತಾನೆ? ಭುಜದ ಮೇಲಿಂದ ಹಿಂದೆ ನೋಡುವ ಅಭ್ಯಾಸ ಬೆಂಚಿನ ಮೇಲೆ ಕೂತರೆ ಬೆಳೆಯುವುದಿಲ್ಲ. ನಡುವೆ ನಿಂತು ಆಡಿದರೆ ಬೆಳೆಯುತ್ತದೆ. ಮೇಲಿನ ತಂಡದ ಕೊನೆಯ ಸಾಲಿನಲ್ಲಿ ಅವನಿಗೆ ಸಿಗುವುದು ಪಂದ್ಯಕ್ಕೆ ಐದಾರು ನಿಮಿಷ, ಅದೂ ಅಂಚಿನಲ್ಲಿ. ಕೆಳಗಿನ ತಂಡದಲ್ಲಿ ಅದರ ಮೂರರಷ್ಟು, ನಟ್ಟನಡುವೆ.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನಮ್ಮವರ ಮುಂದಿಟ್ಟೆ. ಬಹಳ ಹೊತ್ತು ನೋಡಿ, “ಅವನನ್ನೇ ಕೇಳೋಣ” ಎಂದರು.

ಮಗನನ್ನು ಕರೆದು ಎರಡೂ ಕಡೆಯ ಲಾಭನಷ್ಟ ಹೇಳಿದೆವು. ಹುಟ್ಟಿದ ತಿಂಗಳ ವಿಷಯ, ಡಟ್ಸ್ಯುಕ್, ಬರ್ಜೆರಾನ್ ಕಥೆಗಳನ್ನೂ ಹೇಳಿದೆ. ಜಾನ್ ತವಾರೆಸ್ ಕಥೆ ಅವನೇ ನನಗೆ ಹೇಳಿದ. ಟೊರಾಂಟೊ ತಂಡದ ಆ ಸೆಂಟರ್ ಹುಟ್ಟಿದ್ದು 1990ರ ಸೆಪ್ಟೆಂಬರ್ 20ರಂದು. ಆಯ್ಕೆಗೆ ಗಡುವು ಸೆಪ್ಟೆಂಬರ್ 15. ಐದು ದಿನದ ಅಂತರಕ್ಕೆ ಇಡೀ ವರ್ಷ ಕಾದು, 2009ರಲ್ಲಿ ಮೊದಲಿಗನಾಗಿಯೇ ಆಯ್ಕೆಯಾದ.

“ಅಮ್ಮಾ, ನಂಗೆ ಎನ್‌ಎಚ್‌ಎಲ್ ಆಗತ್ತೋ ಇಲ್ವೋ ಗೊತ್ತಿಲ್ಲ. ಸೆಂಟರ್ ಆಡೋದು ಇಷ್ಟ” ಎಂದ. ಅಷ್ಟು ಹೊತ್ತಿಗೆ ಎರಡು ದಿನದ ಗಡುವಿನಲ್ಲಿ ಇನ್ನೂ ಆರು ಗಂಟೆ ಬಾಕಿ ಇತ್ತು. ನಮ್ಮವರು ಮೇಲಿನ ತಂಡದ ಕೋಚ್‌ಗೆ ಧನ್ಯವಾದ ಹೇಳಿ, ಈ ವರ್ಷ ಬೇಡವೆಂದು ಬರೆದರು. ಕೆಳಗಿನ ತಂಡಕ್ಕೆ ಒಪ್ಪಿಗೆ ಬರೆದೆ.

ಅವನು ಬೆಳೆಯುತ್ತಾನೋ ಇಲ್ಲವೋ, ಬೆಳೆದರೂ ಎಷ್ಟು, ಹದಿನೈದಕ್ಕೆ ಯಾರಾದರೂ ಅವನ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೋ ಇಲ್ಲವೋ, ಅದೆಲ್ಲ ಆಮೇಲಿನ ಮಾತು. ಪತ್ರ ಕಳಿಸಿ ತಿರುಗಿ ನೋಡಿದರೆ ಮಗ ಇನ್ನೂ ಬಾಗಿಲಲ್ಲೇ ನಿಂತಿದ್ದ.

“ಆ ಟೀಮಲ್ಲಿ 91 ನಂಬರ್ ಖಾಲಿ ಇದೆಯಾ ಕೇಳಮ್ಮಾ” ಎಂದ. ತವಾರೆಸ್ ಬೆನ್ನ ಮೇಲಿನ ಸಂಖ್ಯೆ ಅದು.