ತೋಟಾ ಪೆಟ್ಟಿಗೆ

ಕೊಡಗಿನಲ್ಲಿ ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆ. ಅದರ ನಡುಬಾಡೆ ಹಜಾರದ ಗೋಡೆಗೆ ಎರಡು ಮರದ ಗೂಟ. ಗೂಟಗಳ ಮೇಲೆ ಅಜ್ಜನ ಜೋಡಿ ನಳಿಗೆ ಕೋವಿ. ತೋಟಾ ಇರುತ್ತಿದ್ದದ್ದು ಭತ್ತದ ಪತ್ತಾಯದ ಹಿಂದಿನ ತಗಡಿನ ಡಬ್ಬದಲ್ಲಿ. ಎರಡಕ್ಕೂ ಬೀಗವಿರಲಿಲ್ಲ. ಹದಿನೆಂಟು ಜನರ ಮನೆ, ಯಾರಾದರೊಬ್ಬರು ಅಲ್ಲೇ ಕೂತಿರುತ್ತಿದ್ದರು. ಆದರೂ ಅಣ್ಣ ಒಮ್ಮೆ ಎರಡು ತೋಟಾ ಎಗರಿಸಿ, ಒಡೆದು, ಒಳಗಿನ ಸೀಸದ ಕಾಳನ್ನು ಗಾಳದ ಭಾರಕ್ಕೆ ಕಟ್ಟಿದ್ದ. ಮದ್ದು ಏನಾಯಿತೆಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಹಳೇ ಕಾಲ ಭದ್ರವಾಗಿತ್ತು ಎನ್ನುವವರ ಮುಂದೆ ನಾನು ಇದನ್ನೇ ಹೇಳುವುದು.

ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ 1861ರಷ್ಟು ಹಳೆಯದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೋವಿ ಉಳಿಯಿತು, ಕಾಯುವ ಜನ ಉಳಿಯಲಿಲ್ಲ. ಈಗ ಮನೆಯಲ್ಲಿ ನಾವಿಬ್ಬರೇ. ರಜೆಗೆ ಮೊಮ್ಮಕ್ಕಳು ಬರುತ್ತಾರೆಂದು ಮಗ ಬೆಂಗಳೂರಿನಿಂದ ನಂಬರು ಒತ್ತುವ ಪುಟ್ಟ ಸೇಫ್ ತಂದ. ಪಿಸ್ತೂಲಿಗೆ ಮಾಡಿದ ಅಳತೆ. ಬಿಚ್ಚಿಟ್ಟರೂ ಎರಡೂವರೆ ಅಡಿಯ ನಳಿಗೆ ಹಿಡಿಸಬೇಕಲ್ಲ? ಕೋವಿ ಬೀರುವಿಗೆ ಹೋಯಿತು, ತೋಟಾ ಸೇಫಿಗೆ.

ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಬೆಳಿಗ್ಗೆ ನಂಬರು ಒತ್ತಿದರೆ ಸದ್ದೇ ಇಲ್ಲ. ಮಳೆಗಾಲದ ಥಂಡಿಗೆ ಬ್ಯಾಟರಿ ಸತ್ತಿತ್ತು. ತುರ್ತಿಗೆಂದು ಕೊಟ್ಟ ಎರಡು ಕೀಲಿಯನ್ನೂ ಮಗ ಜೋಪಾನವಾಗಿ ಸೇಫಿನೊಳಗೇ ಇಟ್ಟಿದ್ದ! ದೇವರ ಕೋಣೆ ಕನ್ನಿಕೋಂಬರೆಯಲ್ಲಿ ಕೋವಿಗೆ ಗಂಧ ಹಚ್ಚಿ, ಬಾಯಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಆಗಿತ್ತು. ತೆಂಗಿನಕಾಯಿಗೆ ಗುರಿಯಿಡಲು ಹುಡುಗರು ಅಂಗಳದಲ್ಲಿ ನಿಂತಿದ್ದರು. ಅಣ್ಣನ ಮಗ ಸೇಫಿನ ತಲೆಗೆ ಮುಷ್ಟಿಯಿಂದ ಗುದ್ದುತ್ತಾ ಹಿಡಿ ತಿರುಗಿಸಿದ. ಮೂರನೇ ಗುದ್ದಿಗೆ ಬಾಗಿಲು ತೆರೆಯಿತು.

ಆಮೇಲೆ ಒಳಗಿನ ತಗಡು ಬಿಚ್ಚಿ ನೋಡಿದೆ. ಅಗುಳಿಯನ್ನು ತಡೆದು ನಿಲ್ಲಿಸುವುದು ಬೆರಳ ತುದಿಯಷ್ಟು ದಪ್ಪದ ಒಂದು ಮೊಳೆ, ಅದರ ಹಿಂದೊಂದು ತೆಳು ಸ್ಪ್ರಿಂಗು. ಕರೆಂಟು ಹರಿದರೆ ಮೊಳೆ ಹಿಂದೆ ಸರಿಯಬೇಕು. ಪೆಟ್ಟು ಬಿದ್ದರೂ ಹಾರುತ್ತದೆ. ಹೊಸ ಸಂಗತಿಯೇನಲ್ಲ: 2012ರಲ್ಲೇ ಅಮೆರಿಕದ ಬೀಗತಜ್ಞ ಮಾರ್ಕ್ ವೆಬರ್ ಟೋಬಿಯಾಸ್ ಮತ್ತು ಜೊತೆಗಾರರು ಇಂಥ ಸಣ್ಣ ಸೇಫುಗಳನ್ನು ಪುಟ್ಟ ಮಕ್ಕಳೂ ತೆರೆಯಬಲ್ಲರೆಂದು ತೋರಿಸಿದ್ದರು. ಮೋಟಾರಿನಿಂದ ಅಗುಳಿ ಸರಿಯುವ ಸೇಫು ಈ ಗುದ್ದಿಗೆ ಅಷ್ಟು ಸುಲಭವಾಗಿ ಬಗ್ಗದು. ಇನ್ನು, ನಮ್ಮದನ್ನು ಗೋಡೆಗೆ ಬೋಲ್ಟು ಹಾಕಿ ಬಿಗಿದೇ ಇರಲಿಲ್ಲ. ಕಳ್ಳನಿಗೆ ಗುದ್ದುವ ಶ್ರಮವೂ ಬೇಡ, ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದಿತ್ತು.

ಈಗ ಅದರಲ್ಲಿ ಕಂದಾಯದ ರಸೀದಿಗಳಿವೆ. ತೋಟಾ ಎಲ್ಲಿದೆ ಎಂಬುದನ್ನು ಅಣ್ಣನಿಗೂ ಹೇಳಿಲ್ಲ.