ಹೊಳೆಗಿಳಿಯದವಳ ಟ್ರೈಅಥ್ಲಾನ್

ಮೊದಲೇ ಹೇಳಿಬಿಡ್ತೀನಿ, ನಾನು ಗೆದ್ದಿಲ್ಲ. ನಲವತ್ತರಿಂದ ನಲವತ್ನಾಲ್ಕು ವಯಸ್ಸಿನ ಹೆಂಗಸರ ಗುಂಪಿನಲ್ಲಿ ಕೊನೆಯಿಂದ ನಾಲ್ಕನೆಯವಳು. ನಮ್ಮ ಮನೆಯವರು ಊರಿಗೆ ಫೋನ್ ಮಾಡಿದಾಗಲೆಲ್ಲ "ನಾಲ್ಕನೇ ಸ್ಥಾನ" ಅಂತ ಹೇಳಿ, "ಕೊನೆಯಿಂದ" ಅನ್ನೋದನ್ನು ನುಂಗಿಬಿಡ್ತಾರೆ. ಈಗ ತೀರ್ಥಹಳ್ಳಿ ಕಡೆಯ ಅರ್ಧ ನೆಂಟರು ನನಗೆ ಸ್ವಲ್ಪದರಲ್ಲಿ ಪದಕ ತಪ್ಪಿಹೋಯ್ತು ಅಂತ ತಿಳ್ಕೊಂಡಿದ್ದಾರೆ. ಇರಲಿ ಬಿಡಿ :)

ಟ್ರೈಅಥ್ಲಾನ್ ಅಂದರೆ ಈಜು, ಸೈಕಲ್, ಓಟ, ಮೂರನ್ನೂ ಮಧ್ಯೆ ಬಿಡುವಿಲ್ಲದೆ ಮಾಡೋದು. ಈ ಹುಚ್ಚು ಶುರುವಾಗಿದ್ದು 1974ರ ಸೆಪ್ಟೆಂಬರಿನಲ್ಲಿ, ಸ್ಯಾನ್ ಡಿಯಾಗೋದ ಮಿಷನ್ ಬೇ ಅನ್ನೋ ಕಡೆ. ಆವತ್ತು ಬಂದಿದ್ದವರು 46 ಜನ. ನಾಲ್ಕು ವರ್ಷ ಬಿಟ್ಟು, 1978ರಲ್ಲಿ, ಹವಾಯಿಯಲ್ಲಿ 15 ಜನ 3.8 ಕಿಲೋಮೀಟರ್ ಈಜಿ, 180 ಕಿಲೋಮೀಟರ್ ಸೈಕಲ್ ತುಳಿದು, ಅದೂ ಸಾಲದು ಅಂತ ಒಂದು ಪೂರ್ತಿ ಮ್ಯಾರಥಾನ್ ಓಡಲು ಹೊರಟರು. 12 ಜನ ಮುಗಿಸಿದರು. ಅದೇ ಐರನ್‌ಮ್ಯಾನ್. ನಾವಿರುವ ಮ್ಯಾಡಿಸನ್ನಿನಲ್ಲೂ 2002ರಲ್ಲಿ ಒಂದು ಐರನ್‌ಮ್ಯಾನ್ ಶುರುವಾಯ್ತು. ಸೆಪ್ಟೆಂಬರಿನಲ್ಲಿ ಬೆಳಗಿನ ಜಾವ ಮೊನೋನಾ ಕೆರೆಯಲ್ಲಿ ಅಷ್ಟೂ ಜನ ಕೈಕಾಲು ಬಡಿಯೋದನ್ನು ನೋಡಿದರೆ, ಶೃಂಗೇರಿಯಲ್ಲಿ ಮಂಡಕ್ಕಿ ಎಸೆದಾಗ ಮೀನು ಮೇಲೆ ಬಂದು ನೀರು ಕುದ್ದ ಹಾಗಾಗುತ್ತಲ್ಲ, ಹಾಗೇ ಕಾಣತ್ತೆ. ನಾವು ದಡದಲ್ಲಿ ನಿಂತು ಕಾಫಿ ಕುಡಿಯುತ್ತಾ ಚಪ್ಪಾಳೆ ಹೊಡೆಯೋ ಜಾತಿ.

ನಾನು ಮಾಡಿದ್ದು ಅದರ ಮರಿಮಗು. ಕಾಲು ಮೈಲಿ ಈಜು, 15 ಮೈಲಿ ಸೈಕಲ್, 3 ಮೈಲಿಗೆ ಸ್ವಲ್ಪ ಹೆಚ್ಚು ಓಟ. ಸೈಕಲ್ಲು, ಓಟ ಹೇಗೋ ಆಗತ್ತೆ. ಆದರೆ ತುಂಗೆಯ ದಡದಲ್ಲಿ ಹುಟ್ಟಿ ಬೆಳೆದ ನನಗೆ ನಲವತ್ತೆರಡು ವರ್ಷದವರೆಗೆ ಈಜು ಬರುತ್ತಿರಲಿಲ್ಲ.

ಬರುತ್ತಿರಲಿಲ್ಲ ಅನ್ನೋದಕ್ಕಿಂತ, ಹೊಳೆಗೆ ಇಳಿಯೋದೇ ನಮ್ಮನೆಯಲ್ಲಿ ನಿಷಿದ್ಧ. ಅಮ್ಮನ ತಮ್ಮ, ನಮ್ಮ ಸಣ್ಣ ಮಾವ, 1968ರ ಮಳೆಗಾಲದಲ್ಲಿ ಹೊಳೆಯ ಪಾಲಾಗಿದ್ದ. ಅಜ್ಜನ ಮನೆಯ ಗೋಡೆಯಲ್ಲಿ ಅವನ ಒಂದು ಫೋಟೋ ಇತ್ತು, ಅಷ್ಟೇ. ಅದರ ಬಗ್ಗೆ ಯಾರೂ ಮಾತಾಡ್ತಿರಲಿಲ್ಲ. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಊರಿಗೆ ಊರೇ ತುಂಗೆಯಲ್ಲಿ ಮುಳುಗಿ ಏಳುವಾಗ, ಅಮ್ಮ ನಮ್ಮನ್ನು ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿ, ಚೊಂಬಿನಲ್ಲಿ ನೀರು ತಂದು ತಲೆಗೆ ಹಾಕ್ತಿದ್ದಳು. ಪುಣ್ಯ ಎಲ್ಲ ಚೊಂಬಿನ ಲೆಕ್ಕದಲ್ಲೇ. ವಾರಗೆಯ ಹುಡುಗರು ರಾಮಮಂಟಪದ ಕಡೆಯ ಬಂಡೆಗಳಿಂದ ಹಾರುತ್ತಿದ್ದರೆ ನಾವು ಒದ್ದೆ ಜಡೆ ಹಿಂಡಿಕೊಳ್ತಾ ನೋಡ್ತಿದ್ವಿ.

2023ರ ಜುಲೈನಲ್ಲಿ ಇಲ್ಲಿಂದ ಒಂದು ಗಂಟೆ ದೂರದ ಡೆವಿಲ್ಸ್ ಲೇಕಿಗೆ ಹೋಗಿದ್ದೆವು. ಎರಡೂ ಬದಿಗೆ ಐನೂರು ಅಡಿ ಎತ್ತರದ ಕೆಂಗಲ್ಲಿನ ಬೆಟ್ಟ, ನಡುವೆ ಕೆರೆ. ಹಿಮಯುಗದಲ್ಲಿ ನೀರ್ಗಲ್ಲು ತಂದು ಸುರಿದ ಮಣ್ಣು ಕಲ್ಲು ಕಣಿವೆಯ ಎರಡೂ ತುದಿಗೆ ಅಡ್ಡ ಕೂತು ಆದ ಕೆರೆಯಂತೆ. ಅಲ್ಲಿ ಜೀವರಕ್ಷಕರು ಇರೋಲ್ಲ, ನಿಮ್ಮ ಜವಾಬ್ದಾರಿ ನಿಮ್ಮದು. ಇವರು ಕಾರಿನಿಂದ ಊಟದ ಡಬ್ಬಿ ತರಲು ಹೋಗಿದ್ದರು. ಏಳು ವರ್ಷದ ಮಗರಾಯ ರಬ್ಬರಿನ ಬಳೆಯ ಮೇಲೆ ತೇಲುತ್ತಾ ತೇಲುತ್ತಾ ಸ್ವಲ್ಪ ಮುಂದೆ ಹೋದ. ನಾನು ಕುತ್ತಿಗೆವರೆಗಿನ ನೀರಿನಲ್ಲಿ ನಿಂತು "ಬಾರೋ, ಬಾರೋ" ಅಂತಿದ್ದೆ. ಬಳೆ ಮಗುಚಿತು. ನನಗೂ ಅವನಿಗೂ ಇದ್ದಿದ್ದು ಆರಡಿ ದೂರ. ಅಷ್ಟು ದೂರ ಹೋಗಲು ನನ್ನಿಂದ ಆಗಲಿಲ್ಲ. ಕಾಲ ಕೆಳಗೆ ಮರಳು ಜಾರುತ್ತಿತ್ತು, ಬಾಯಿಂದ ಕೂಗೂ ಹೊರಡಲಿಲ್ಲ. ಪಕ್ಕದಲ್ಲಿದ್ದ ಯಾರೋ ಒಬ್ಬ ಬಿಳಿ ಗಡ್ಡದ ಪುಣ್ಯಾತ್ಮ ಎರಡು ಕೈ ಬೀಸಿ ಹೋಗಿ, ಅವನ ರಟ್ಟೆ ಹಿಡಿದು ಎತ್ತಿ, ನನ್ನ ಕೈಗೆ ಕೊಟ್ಟು ನಕ್ಕು ಹೋದ. ಮಗ ಎರಡು ಸಲ ಕೆಮ್ಮಿ "ಅಮ್ಮಾ, ಇನ್ನೊಂದ್ಸಲ!" ಅಂದ. ಒಟ್ಟು ಹತ್ತು ಸೆಕೆಂಡು ಇರಬಹುದು. ಇವರು ಬಂದಾಗ ನಾನು ಏನೂ ಹೇಳಲಿಲ್ಲ. ಹೇಳಿದ್ದು ಮೂರು ದಿನ ಆದಮೇಲೆ.

ಆ ಸೆಪ್ಟೆಂಬರಿನಲ್ಲೇ ಈಜು ಕ್ಲಾಸಿಗೆ ಸೇರಿದೆ. ಕಲಿಸೋಳು ಕಾಲೇಜು ಹುಡುಗಿ, ನನ್ನ ಅರ್ಧ ವಯಸ್ಸು. ಮೊದಲ ಪಾಠ ಮುಖ ನೀರಿಗಿಟ್ಟು ಗುಳ್ಳೆ ಬಿಡೋದು. ಪಕ್ಕದ ಸಾಲಿನಲ್ಲಿ ಐದು ವರ್ಷದ ಮಕ್ಕಳೂ ಅದನ್ನೇ ಮಾಡ್ತಿದ್ದರು, ನನಗಿಂತ ಚೆನ್ನಾಗಿ. ಗುಳ್ಳೆ ಬಿಡೋದರಿಂದ ಅಂಗಾತ ತೇಲೋದಕ್ಕೆ ಒಂದು ತಿಂಗಳು, ಕೊಳದ ಆ ತುದಿ ಮುಟ್ಟೋದಕ್ಕೆ ಕ್ರಿಸ್‌ಮಸ್ಸು. ಮಾರ್ಚಿನಲ್ಲಿ ಆಫೀಸಿನ ಗೆಳತಿಯೊಬ್ಬಳು ಈ ಟ್ರೈಅಥ್ಲಾನಿಗೆ ತನ್ನ ಜೊತೆ ನನ್ನ ಹೆಸರನ್ನೂ ಬರೆಸಿಬಿಟ್ಟಳು. ದುಡ್ಡು ವಾಪಸ್ಸು ಕೊಡೋಲ್ಲ ಅಂತ ಗೊತ್ತಾದ ಮೇಲೆ ಹಿಂದೆ ಸರಿಯೋ ಮಾತೇ ಇಲ್ಲ. ಮಲೆನಾಡಿನವರಿಗೆ ಜೀವಕ್ಕಿಂತ ದುಡ್ಡು ಸ್ವಲ್ಪ ಮೇಲೆ.

2024ರ ಮೇನಲ್ಲಿ ಅಮ್ಮ ಬಂದಳು, ಎರಡು ಸೂಟ್‌ಕೇಸು ತುಂಬ ಹಲಸಿನ ಹಪ್ಪಳ ಹೊತ್ತುಕೊಂಡು. "ಆಗಸ್ಟಲ್ಲಿ ಒಂದು ಸೈಕಲ್ ಓಟ ಇದೆ" ಅಂತ ಮಾತ್ರ ಹೇಳಿದ್ದೆ. ಸುಳ್ಳಲ್ಲ, ಮೂರರಲ್ಲಿ ಒಂದು ಪಾಲು ನಿಜ.

ಆ ಬೇಸಿಗೆ ನಾವು ತಿರುಗಿದಷ್ಟು ಯಾವತ್ತೂ ತಿರುಗಿಲ್ಲ. ಆರು ತಿಂಗಳು ಹಿಮ ಹೊದ್ದು ಮಲಗೋ ಊರಲ್ವೇ, ಜೂನ್ ಬಂತೆಂದರೆ ಜನ ಬಿಡಿಸಿದ ದನದ ಹಾಗೆ. ಶನಿವಾರ ಬೆಳಿಗ್ಗೆ ಕ್ಯಾಪಿಟಲ್ ಸುತ್ತ ರೈತರ ಸಂತೆ. ತಾವೇ ಬೆಳೆದದ್ದನ್ನು, ಮಾಡಿದ್ದನ್ನು ಮಾತ್ರ ಮಾರಬೇಕು ಅನ್ನೋದು ಅಲ್ಲಿನ ನಿಯಮ. ಅಲ್ಲಿ ಎಲ್ಲರೂ ಕಟ್ಟಡವನ್ನು ಎಡಕ್ಕೆ ಇಟ್ಟುಕೊಂಡೇ ಸುತ್ತುತ್ತಾರೆ. ಅಮ್ಮ ಐದು ನಿಮಿಷ ನೋಡಿ, "ಇದೆಂತ ಮಾರಾಯ್ತಿ, ಎಲ್ಲರೂ ಅಪ್ರದಕ್ಷಿಣೆ ಹಾಕ್ತಿದ್ದಾರಲ್ಲ" ಅಂದು, ತಾನೊಬ್ಬಳು ಬಲಕ್ಕೆ ಹೊರಟಳು. ಎದುರಿಂದ ಬರುವ ಕೂಸುಗಾಡಿಗಳ ನಡುವೆ ಅಮ್ಮನ ಇಳಕಲ್ ಸೀರೆ... ಆ ಫೋಟೋ ನನ್ನ ಹತ್ತಿರ ಇದೆ. ಕೇವ್ ಆಫ್ ದಿ ಮೌಂಡ್ಸ್ ಅನ್ನೋ ಗುಹೆಗೆ ಹೋದೆವು. 1939ರಲ್ಲಿ ಕಲ್ಲುಕ್ವಾರಿಗೆ ಮದ್ದು ಸಿಡಿಸಿದಾಗ ಸಿಕ್ಕಿದ್ದಂತೆ. ಒಳಗೆ ವರ್ಷಪೂರ್ತಿ 50 ಡಿಗ್ರಿ ಫ್ಯಾರನ್‌ಹೀಟು, ಅಮ್ಮನಿಗೆ ಶಾಲು, ಮಫ್ಲರು, ಕೊನೆಗೆ ಅಳಿಯನ ಜಾಕೆಟ್ಟು. ಡೋರ್ ಕೌಂಟಿಯಲ್ಲಿ ಹುಳಿ ಚೆರ್ರಿ ಬಿಡಿಸಿ ತಂದು ಮಾವಿನಮಿಡಿ ಮಸಾಲೆ ಹಾಕಿ ಉಪ್ಪಿನಕಾಯಿ ಮಾಡಿದಳು. ಎಷ್ಟು ಚೆನ್ನಾಗಿತ್ತು ಅಂದರೆ, ಹೋಗಲಿ, ಅದರ ಬಗ್ಗೆ ಬೇರೆಯೇ ಬರೀಬೇಕು.

ಎಲ್ಲ ಕಡೆ ಒಂದೊಂದು ಕೆರೆ. ಊಟ ಆದಮೇಲೆ ಅಮ್ಮನಿಗೆ ಮರದಡಿ ಚಾಪೆ ಹಾಸಿ, ಅವಳ ಕಣ್ಣು ಹತ್ತಿದ ಮೇಲೆ ನಾನು ನೀರಿಗೆ. ಮಕ್ಕಳು ಕಾವಲು. ಅಜ್ಜಿ ಹೊರಳಿದರೆ ಮಗಳು ಸೀಟಿ ಹೊಡೀಬೇಕು. ನಲವತ್ಮೂರನೇ ವಯಸ್ಸಿನಲ್ಲಿ ಅಮ್ಮನಿಗೆ ಕದ್ದು ಈಜೋದು!

ಡೆವಿಲ್ಸ್ ಲೇಕಿನಲ್ಲಿ ಮಾತ್ರ ಇಳಿಯಲಿಲ್ಲ. ಹೆಸರು ಕೇಳಿ ಅಮ್ಮ "ದೆವ್ವದ ಕೆರೆಯಾ?" ಅಂದಳು. ಅಲ್ಲಿನ ಮೂಲನಿವಾಸಿ ಹೋ-ಚಂಕ್ ಜನರಿಗೆ ಅದು ಪವಿತ್ರವಾದ ಕೆರೆ, ಬಿಳಿಯರ ಬಾಯಲ್ಲಿ ದೆವ್ವ ಆಯ್ತು ಅಂತ ಇವರು ವಿವರಿಸಿದರು. "ದೇವರ ಕೆರೆನ ದೆವ್ವದ್ದು ಮಾಡಿದ್ರಾ, ಕರ್ಮ" ಅಂತ ದೂರದಿಂದಲೇ ಕೈ ಮುಗಿದಳು.

ಗುಟ್ಟು ರಟ್ಟಾಗಿದ್ದು ಪ್ಯಾರಿಸ್ ಒಲಿಂಪಿಕ್ಸಿನಿಂದ. ಸೆನ್ ನದಿಯ ನೀರು ಕೊಳಕು ಅಂತ ಗಂಡಸರ ಟ್ರೈಅಥ್ಲಾನನ್ನು ಒಂದು ದಿನ ಮುಂದೆ ಹಾಕಿ, ಜುಲೈ 31ರಂದು ಗಂಡಸರದ್ದು ಹೆಂಗಸರದ್ದು ಎರಡೂ ನಡೆಸಿದರು. ಸಂಜೆ ಕೂತು ನೋಡ್ತಿದ್ದೆವು. ಹೆಂಗಸರಲ್ಲಿ ಫ್ರಾನ್ಸಿನ ಕಸಾಂಡ್ರ್ ಬೋಗ್ರಾಂ ತನ್ನ ದೇಶದಲ್ಲೇ ಚಿನ್ನ ಗೆದ್ದಳು. ಗಂಡಸರಲ್ಲಿ ಬ್ರಿಟನ್ನಿನ ಅಲೆಕ್ಸ್ ಯೀ ಕೊನೇ ಗಳಿಗೆಯಲ್ಲಿ ನ್ಯೂಜಿಲೆಂಡಿನ ಹೇಡನ್ ವೈಲ್ಡನನ್ನು ಹಿಂದೆ ಹಾಕಿದ. ನದಿಯ ಸೆಳೆತಕ್ಕೆ ಈಜುಗಾರರು ಗೋಡೆಗೆ ಅಂಟಿಕೊಂಡು ಬರೋದನ್ನು ಅಮ್ಮ ಕಣ್ಣು ಕಿರಿದು ಮಾಡಿ ನೋಡ್ತಿದ್ದಳು. ಆಗ ಮಗಳು, ಹನ್ನೊಂದು ವರ್ಷದ ಬುದ್ಧಿವಂತೆ, "ಅಜ್ಜೀ, ಅಮ್ಮನೂ ಇದನ್ನೇ ಮಾಡೋದು ಗೊತ್ತಾ!" ಅಂದಳು.

ಅಮ್ಮ ಏನೂ ಹೇಳದೆ ಎದ್ದು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಹತ್ತು ದಿನ ಅದರ ಮಾತೇ ಇಲ್ಲ. ಅಡುಗೆ, ಮಕ್ಕಳ ಜಡೆ, ಸಂಜೆ ಧಾರಾವಾಹಿ, ಎಲ್ಲ ಎಂದಿನಂತೆ. ನಾನು ಈಜಿ ಬಂದ ದಿನ ಮಾತ್ರ ಒದ್ದೆ ಟವೆಲ್ಲನ್ನು ಒಗೆಯೋ ಬುಟ್ಟಿಯಿಂದ ತೆಗೆದು ಬೇರೆ ಇಡ್ತಿದ್ದಳು.

ಹಿಂದಿನ ರಾತ್ರಿ ನಾನು ಚೀಲ ಜೋಡಿಸ್ತಿದ್ದೆ. ಅಮ್ಮ ಬಂದು ಮಂಚದ ತುದಿಗೆ ಕೂತಳು. ಗುಲಾಬಿ ಬಣ್ಣದ ಈಜು ಟೋಪಿಯನ್ನು ಎಳೆದು ಬಿಟ್ಟು ನೋಡಿದಳು.

"ಆವತ್ತು ನಾನು ದಡದಲ್ಲೇ ಇದ್ದೆ ಕಣೇ."

ನನಗೆ ಇದು ಗೊತ್ತೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

"ಬಟ್ಟೆ ಒಗೆಯೋಕೆ ಹೋಗಿದ್ದೆ. ಅವನಿಗೆ ಹತ್ತು ವರ್ಷ, ನಂಗೆ ಹನ್ನೆರಡು. ನೂರು ಎಣಿಸು ಅಕ್ಕ, ಅಷ್ಟರಲ್ಲಿ ಆ ಬಂಡೆ ಮುಟ್ಟಿ ಬರ್ತೀನಿ ಅಂದ. ನಾನು ನೂರು ಎಣಿಸ್ದೆ. ಬರ್ಲಿಲ್ಲ. ಆಟ ಆಡ್ತಿದಾನೆ ಅಂದ್ಕಂಡು ಇನ್ನೊಂದು ನೂರು ಎಣಿಸ್ದೆ. ಆಮೇಲೆ ಮನೆಗೆ ಓಡ್ದೆ." ಸ್ವಲ್ಪ ಹೊತ್ತು ಬಿಟ್ಟು, "ಮೊದಲೇ ಓಡ್ಬೇಕಿತ್ತು" ಅಂದಳು.

ನಾನು ಡೆವಿಲ್ಸ್ ಲೇಕಿನ ಆರಡಿಯ ಕತೆ ಹೇಳಿದೆ. ಅಮ್ಮ ಪಕ್ಕದ ಕೋಣೆಯಲ್ಲಿ ಮಲಗಿದ್ದ ಮೊಮ್ಮಗನ ಕಡೆ ನೋಡಿದಳು.

"ಬೇಡ ಅಂದ್ರೆ ಹೋಗಲ್ಲಮ್ಮ."

"ದುಡ್ಡು ಎಷ್ಟು ಕಟ್ಟಿದೀಯ?"

"ಎಂಬತ್ತೈದು ಡಾಲರ್."

ಲೆಕ್ಕ ಹಾಕಿದಳು. "ಏಳು ಸಾವಿರ! ಹೋಗಿ ಬಾ ಹಾಗಾದ್ರೆ. ನಾನೂ ಬರ್ತೀನಿ."

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮೊಸರವಲಕ್ಕಿ ತಿಂದು ಹೊರಟೆವು. ಅಲ್ಲಿ ತೋಳಿನ ಮೇಲೆ ನಂಬರ್ ಬರೀತಾರೆ, ಕಾಲಿನ ಮೀನಖಂಡದ ಮೇಲೆ ವಯಸ್ಸು ಬರೀತಾರೆ. ನಮ್ಮಲ್ಲಿ ಹೆಂಗಸರ ವಯಸ್ಸು ಕೇಳಬಾರದು ಅಂತಾರೆ, ಇಲ್ಲಿ ಮಾರ್ಕರಿನಲ್ಲಿ ಬರೆದು ಮೆರವಣಿಗೆ! ಸೈಕಲ್ಲನ್ನು ಗೂಟದಿಂದ ತೆಗೆಯೋ ಮೊದಲೇ ಹೆಲ್ಮೆಟ್ಟಿನ ಪಟ್ಟಿ ಹಾಕಿರಬೇಕು, ಇಲ್ಲದಿದ್ದರೆ ದಂಡ, ಅಂತ ಇವರು ಹತ್ತು ಸಲ ನೆನಪಿಸಿದರು. ಅಮ್ಮ ನನ್ನ ಬಿಗಿ ಬಟ್ಟೆ ನೋಡಿ ಮುಖ ಆಚೆ ತಿರುಗಿಸಿ ಹಣೆಗೆ ಕುಂಕುಮ ಇಟ್ಟಳು.

ನಮ್ಮದು ಗುಲಾಬಿ ಟೋಪಿಯ ಗುಂಪು, ನಲವತ್ತೊಂದು ಜನ. ನೀರಿಗಿಳಿದು ಐವತ್ತು ಗಜ ಚೆನ್ನಾಗಿಯೇ ಹೋದೆ. ಕೊಳದಲ್ಲಿ ತಳದ ಕಪ್ಪು ಗೆರೆ ಕಾಣತ್ತೆ. ಇಲ್ಲಿ ಮುಖ ಇಟ್ಟರೆ ಹಸಿರು ಕತ್ತಲೆ, ನನ್ನ ಕೈಯೇ ನನಗೆ ಕಾಣೋಲ್ಲ. ಯಾರದ್ದೋ ಹಿಮ್ಮಡಿ ಕನ್ನಡಕಕ್ಕೆ ಬಡಿಯಿತು. ಒಂದು ಗುಟುಕು ನೀರು ಒಳಗೆ ಹೋಯ್ತು. ಅಷ್ಟೇ, ಕಲಿತಿದ್ದೆಲ್ಲ ಮಾಯ. ಎದೆ ಮೇಲೆ ಯಾರೋ ಕೂತ ಹಾಗೆ. ಕಾಲು ಕೆಳಗೆ ಬಿಟ್ಟೆ, ಕೆಳಗೆ ಏನೂ ಇಲ್ಲ. ಆಗ ತಲೆಗೆ ಬಂದಿದ್ದು ಮಗನೂ ಅಲ್ಲ, ದೇವರೂ ಅಲ್ಲ. ಅಮ್ಮ ದಡದಲ್ಲಿ ನಿಂತಿದ್ದಾಳೆ, ಅಷ್ಟೇ.

ಕೈ ಎತ್ತಿದೆ. ಕಾವಲಿಗಿದ್ದ ಕಯಾಕ್ ದೋಣಿಯ ಹುಡುಗಿ ಹತ್ತಿರ ಬಂದಳು. ದೋಣಿ ಹಿಡಿದು ಸುಧಾರಿಸಿಕೊಳ್ಳಬಹುದು, ಅದು ಮುಂದೆ ಎಳೆದುಕೊಂಡು ಹೋಗಬಾರದು, ಅಷ್ಟೇ ನಿಯಮ. ದೋಣಿ ಹಿಡಿದು ಉಸಿರು ಎಣಿಸಿದೆ. ಇಪ್ಪತ್ತಾಯ್ತು, ಮೂವತ್ತಾಯ್ತು. "ಹೊರಗೆ ಹೋಗ್ತೀರಾ?" ಅಂದಳು. ಇಲ್ಲ ಅಂದೆ. ಅಂಗಾತ ಮಲಗಿ ಕಾಲು ಬಡಿಯತೊಡಗಿದೆ. ಯಾವ ರೀತಿ ಈಜಿದರೂ ನಡೆಯತ್ತೆ, ಚಂದಕ್ಕೆ ನಂಬರಿಲ್ಲ. ಆಕಾಶ ನೋಡ್ತಾ, ಆಗಾಗ ತಿರುಗಿ ಕಿತ್ತಲೆ ಬಣ್ಣದ ಬುರುಡೆ ಎಲ್ಲಿದೆ ಅಂತ ಹುಡುಕ್ತಾ, 17 ನಿಮಿಷಕ್ಕೆ ಮರಳು ಮುಟ್ಟಿದೆ.

ಸೈಕಲ್ಲಿನ ಬಗ್ಗೆ ಹೇಳೋದು ಕಡಿಮೆ. ಎರಡೂ ಕಡೆ ಜೋಳದ ಹೊಲ, ಸಗಣಿ ವಾಸನೆ, ಊರು ನೆನಪಾಯ್ತು. ಏರಿನಲ್ಲಿ ಮೀನಖಂಡದ ಮೇಲೆ 67 ಅಂತ ಬರೆದಿದ್ದ ಅಜ್ಜಿಯೊಬ್ಬಳು "ಗುಡ್ ಜಾಬ್" ಅನ್ನುತ್ತಾ ನನ್ನನ್ನು ದಾಟಿ ಹೋದಳು. ಸೈಕಲ್ ಇಳಿದು ಓಡಲು ಹೋದರೆ ಕಾಲು ನನ್ನದಲ್ಲ, ಯಾರೋ ಎರವಲು ಕೊಟ್ಟಿದ್ದು. ಎರಡನೇ ಮೈಲಿಯಲ್ಲಿ ನಡೆದೆ. ಒಟ್ಟು 2 ಗಂಟೆ 17 ನಿಮಿಷ.

ಮುಗಿಸಿ ಬಂದಾಗ ಮಕ್ಕಳು ಬಂದು ಅಪ್ಪಿಕೊಂಡರು. ಅಮ್ಮ ಬಾಟಲಿಯಲ್ಲಿ ನಿಂಬೆಹಣ್ಣಿನ ಪಾನಕ ಹಿಡಿದು ನಿಂತಿದ್ದಳು. ಕುಡಿದು ಮುಗಿಸೋವರೆಗೆ ಕಾದು, "ನಲವತ್ತೊಂದು ಟೋಪಿ ಹೋಗಿತ್ತು" ಅಂದಳು. "ಎಣಿಸಿಟ್ಕಂಡಿದ್ದೆ. ಮೂವತ್ತೆಂಟು ಬಂತು. ಮೂವತ್ತೊಂಬತ್ತನೇದು ನೀನು."

"ಉಳಿದ ಎರಡು?"

"ಬಂದ್ರು. ಅವರೂ ಬಂದಮೇಲೇ ನಾನು ಅಲ್ಲಿಂದ ಎದ್ದಿದ್ದು."

ಸೆಪ್ಟೆಂಬರಿನಲ್ಲಿ, ಅಮ್ಮ ಊರಿಗೆ ಹೊರಡೋ ಮೊದಲು, ಇನ್ನೊಮ್ಮೆ ಡೆವಿಲ್ಸ್ ಲೇಕಿಗೆ ಹೋದೆವು. ಮಗ ನೀರಿಗೆ ಹಾರಿದ, ಹಿಂದೆ ನಾನು. ಆರಡಿ ಆಚೆ ಹೋಗಿ ಅವನ ಪಕ್ಕ ತೇಲಿದೆ. ತಿರುಗಿ ನೋಡಿದರೆ ಅಮ್ಮ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಳು. ಬಗ್ಗಿ ಬೊಗಸೆಯಲ್ಲಿ ನೀರು ತಗೊಂಡು ತಲೆಗೆ ಹಾಕಿಕೊಂಡಳು.

"ತಣ್ಣಗಿದೆಯಾ ಅಮ್ಮಾ?" ಅಂತ ಕೂಗಿದೆ.

"ನಮ್ಮ ಹೊಳೆಯಷ್ಟಿಲ್ಲ" ಅಂದಳು. "ಹುಡುಗನ್ನ ನೋಡ್ಕ, ಇತ್ಲಾಗೆ ಎಂತ ನೋಡ್ತೀಯ."